ವಿಲ್ಮಾ ಆರಿಸದ ದೀಪ

ವಿಲ್ಮಾ ಸೆಡ್ಲಾಕ್ ಅವರ ಗಂಡ ನೀರಿನಲ್ಲಿ ಮುಳುಗಿ ಸತ್ತಿದ್ದಾರೆಂದು ನಾನು ಒಂದಿಡೀ ಬೇಸಿಗೆ ನಂಬಿಕೊಂಡಿದ್ದೆ. ಯಾರೂ ನನಗೆ ಹಾಗೆ ಹೇಳಿರಲಿಲ್ಲ. ಶಿಕಾಗೋದ ತಾರಾಲಯದ ಹಿಂದೆ, ಸರೋವರಕ್ಕೆ ಇಳಿಯುವ ಕಲ್ಲು ಮೆಟ್ಟಿಲುಗಳ ಕಡೆ ನಾನು ಸಂಜೆ ಅಡ್ಡಾಡಲು ಹೋದಾಗಲೆಲ್ಲ ಒಬ್ಬ ದಪ್ಪನೆಯ ಹೆಂಗಸು ಮೊಣಕಾಲೂರಿ, ಹಣೆಯನ್ನು ಹೆಚ್ಚುಕಡಿಮೆ ಕಲ್ಲಿಗೆ ಮುಟ್ಟಿಸಿ, ಉಸಿರು ಬಿಗಿಹಿಡಿದು ಕೂತಿರುತ್ತಿದ್ದರು. ಮುಂದೆ ನೀರು, ನೀರಿನಾಚೆ ದೀಪ ಹತ್ತುತ್ತಿರುವ ಊರು. ಮಿಕ್ಕದ್ದನ್ನು ನಾನೇ ಪೂರೈಸಿಕೊಂಡೆ. ಪಕ್ಕದಲ್ಲಿ ಹಾಯುವಾಗ ಟೋಪಿ ತೆಗೆಯುತ್ತಿದ್ದೆ. ಹೈಸ್ಕೂಲಿನಲ್ಲಿ ಬೀಜಗಣಿತ ಕಲಿಸುವವನಿಗೆ ಮರುಕ ತೋರಿಸುವ ಅವಕಾಶ ಕಡಿಮೆ. ಸಿಕ್ಕಿದ್ದನ್ನು ಬಿಡಬಾರದೆಂದು ಒಂದು ಸಂಜೆ ಹತ್ತಿರ ಹೋಗಿ, ಗಂಟಲು ಸರಿಮಾಡಿಕೊಂಡು, "ದೇವರು ಅವರ ಆತ್ಮಕ್ಕೆ ಶಾಂತಿ ಕೊಡಲಿ" ಎಂದೆ.

"ಅಲುಗಾಡಬೇಡಿ," ಎಂದರು ಆಕೆ ತಲೆ ಎತ್ತದೆ. "ಕಲ್ಲು ಅದುರುತ್ತೆ."

ನಾನು ಕಂಬವಾದೆ. ಕೆಳಗಿನಿಂದ ಕಟ್ ಎಂಬ ಪುಟ್ಟ ಸದ್ದು ಬಂತು. ಆಮೇಲೆ ಆಕೆ ಎದ್ದು ಕೂತು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಯಾರ ಆತ್ಮಕ್ಕೆ?"

"ನಿಮ್ಮ ಯಜಮಾನರ..."

"ಎಮಿಲ್‌ಗಾ? ಅವನು ಬರ್ವಿನ್‌ನಲ್ಲಿ, ಮನೇಲಿ ಟೀವಿ ಮುಂದೆ ಕೂತು ಬೇಸ್‌ಬಾಲ್ ನೋಡ್ತಿದಾನೆ. ಆತ್ಮ ಇದೆಯೋ ಇಲ್ವೋ, ನಂಗೂ ಅನುಮಾನ."

ಕಲ್ಲಿನ ಮೇಲೆ ಒಂದು ಕಾಲುಚೀಲವಿತ್ತು. ಎಮಿಲ್‌ನದೇ. ಒಳಗೆ ಒಣ ಬಟಾಣಿ ತುಂಬಿ ಬಾಯಿ ಹೊಲಿದಿತ್ತು. ಅದರ ಮೇಲೆ, ಗದ್ದುಗೆಯಲ್ಲಿ ಕೂಡಿಸಿದ ದೇವರ ಹಾಗೆ, ಸೋಪಿನ ಡಬ್ಬಿಗಿಂತ ಸ್ವಲ್ಪವೇ ದೊಡ್ಡದಾದ ಕ್ಯಾಮೆರಾ. ಆಕೆ ಬಗ್ಗುತ್ತಿದ್ದದ್ದು ಅದರ ಬೆನ್ನಿನ ಪರದೆ ನೋಡಲು.

ಹೀಗೆ ಪರಿಚಯವಾದ ವಿಲ್ಮಾ ಸೆಡ್ಲಾಕ್ ಅವರಿಂದ ನಾನು ಕಲಿತದ್ದು ಬಹಳ. ಅಲ್ಲಿಗೆ ಬರುವ ಪ್ರವಾಸಿಗಳು ಒಂದೂವರೆ ಮೈಲಿ ಆಚೆಯ ಗಗನಚುಂಬಿಗಳಿಗೆ ಫ್ಲಾಶ್ ಹೊಡೆಯುವುದನ್ನು ಕಂಡರೆ ಆಕೆಗೆ ಮೈಯೆಲ್ಲ ಉರಿ. "ನೋಡಿ ಮೇಷ್ಟ್ರೇ, ಟಾರ್ಚ್ ಹಿಡಿದು ಚಂದ್ರನ್ನ ಹುಡುಕ್ತಿದಾರೆ," ಎನ್ನುವರು. "ಮೊದಲು ಫ್ಲಾಶ್ ಸಾಯಿಸಿ. ಆಮೇಲೆ ಆ ಝೂಮ್ ಮುಟ್ಟಬೇಡಿ. ಸಣ್ಣ ಕ್ಯಾಮೆರಾ ಬಡವರ ಮನೆ ಹಾಗೆ, ಇದ್ದದ್ದರಲ್ಲಿ ಸಂಸಾರ ಮಾಡಬೇಕು. ಎಲ್ಲಾದರೂ ಗಟ್ಟಿ ಜಾಗದ ಮೇಲೆ ಕೂರಿಸಿ, ಬೆಳಕನ್ನ ನಿಧಾನವಾಗಿ ಕುಡಿಯೋಕೆ ಬಿಡಿ. ಗುಂಡಿ ಒತ್ತೋ ಬೆರಳೇ ಚಿತ್ರ ಕೆಡಿಸೋದು. ಟೈಮರ್ ಹಾಕಿ ಕೈ ತೆಗೀರಿ."

ಹೊತ್ತಿನ ಬಗ್ಗೆಯೂ ಆಕೆಗೆ ತನ್ನದೇ ಮಡಿ. "ರಾತ್ರಿ ಊರಿನ ಚಿತ್ರ ರಾತ್ರಿ ತೆಗೆಯೋದಲ್ಲ. ಆಕಾಶ ಪೂರ್ತಿ ಕಪ್ಪಾದ ಮೇಲೆ ಏನಿರುತ್ತೆ? ಕರೀ ಮೇಜಿನ ಮೇಲೆ ಉಪ್ಪು ಚೆಲ್ಲಿದ ಹಾಗೆ. ಸೂರ್ಯ ಹೋಗಿರಬೇಕು, ಆಕಾಶಕ್ಕೆ ಇನ್ನೂ ಗೊತ್ತಾಗಿರಬಾರದು. ಆ ಗಳಿಗೇಲಿ ದೀಪಾನೂ ಆಕಾಶಾನೂ ಒಂದೇ ತೂಕ."

ಇಷ್ಟೆಲ್ಲ ಹಟ ಹಿಡಿದು ಆಕೆ ತೆಗೆಯುತ್ತಿದ್ದದ್ದು ಊರಿನ ಚಿತ್ರವನ್ನಲ್ಲ, ಒಂದೇ ಕಟ್ಟಡದ ಚಿತ್ರವನ್ನು. ಉಳಿದ ಊರು ಅದರ ಅಕ್ಕಪಕ್ಕ ನಿಂತಿರುತ್ತಿತ್ತು, ಅಷ್ಟೇ. ಹಾಲ್‌ಬರ್ಗ್ ಟವರ್ ಎಂಬ ಆ ಕಟ್ಟಡಕ್ಕೆ ವಿಲ್ಮಾ ಬೆಳಗಿನ ಪಾಳಿಯ ಇಂಜಿನಿಯರ್. ಬಾಯ್ಲರು, ಪಂಪು, ದೀಪ ಎಲ್ಲ ಆಕೆಯ ಸುಪರ್ದಿ. ಹಳೆಯ ಕಟ್ಟಡ, ನೆತ್ತಿಯ ಮೇಲೆ ಹಸಿರು ಹಿಡಿದ ತಾಮ್ರದ ಕಿರೀಟ, ಕಿರೀಟದ ಸುತ್ತ ದೊಡ್ಡ ದೊಡ್ಡ ದೀಪ. ಬೆಳಿಗ್ಗೆ ಆ ದೀಪಗಳ ಗಾಜು ಒರೆಸುವವರು, ಟೈಮರ್ ಹೊಂದಿಸುವವರು ಈಕೆ. ಕ್ಯಾಮೆರಾ ಬರುವ ಮುಂಚೆ, ಅವು ಹತ್ತುವ ಹೊತ್ತಿಗೆ ಈಕೆ ಬರ್ವಿನ್‌ನಲ್ಲಿ ಎಮಿಲ್‌ನ ತಟ್ಟೆಗೆ ಹುಳಿ ಕೋಸು ಬಡಿಸುತ್ತಿದ್ದರು. ದಿನವೂ ಮಗಳ ತಲೆ ಬಾಚಿ, ಒಂದು ದಿನವೂ ಅವಳನ್ನು ಹಬ್ಬದುಡುಗೆಯಲ್ಲಿ ನೋಡದ ತಾಯಿಯ ಸಂಕಟ. ಅದಕ್ಕೇ ಕ್ಯಾಮೆರಾ ಕೊಂಡದ್ದು. ರೈಲಿನಲ್ಲಿ ಪಕ್ಕ ಕೂತವರು ಯಾರೇ ಆಗಲಿ, ಪರದೆ ತೋರಿಸಿ "ಇದು ನನ್ನದು" ಎನ್ನುವರು. ಹಾಲ್‌ಬರ್ಗ್ ಕಟ್ಟಿಸಿದವರಿಗೂ ಅಷ್ಟು ಜಂಬ ಇದ್ದಿರಲಾರದು.

ನಾನೇ ಆಕೆಯನ್ನು ನಮ್ಮ ಛಾಯಾಗ್ರಾಹಕರ ಸಂಘಕ್ಕೆ ಕರೆದುಕೊಂಡು ಹೋದೆ. ಪಾರ್ಕಿನ ಭವನದಲ್ಲಿ, ಮಕ್ಕಳ ಕರಾಟೆ ಮುಗಿದ ಮೇಲೆ, ಅದೇ ಚಾಪೆಯ ವಾಸನೆಯಲ್ಲಿ ನಮ್ಮ ಸಭೆ. ಅಧ್ಯಕ್ಷರು ಹಾರ್ಲನ್ ಸ್ಟಬಲ್‌ಫೀಲ್ಡ್. ವಿಮೆಯ ಕೆಲಸದಿಂದ ನಿವೃತ್ತರು. ಅವರು ಟ್ರೈಪಾಡ್ ನಿಲ್ಲಿಸುವುದನ್ನು ನೋಡಿದವರು ಯಾವುದೋ ಶತ್ರು ದೇಶದ ಮೇಲೆ ಫಿರಂಗಿ ಹೂಡುತ್ತಿದ್ದಾರೆಂದು ತಿಳಿಯಬೇಕು. ಫೋನಿನಲ್ಲಿ ಚಿತ್ರ ತೆಗೆಯುವುದು ಇನ್ನೂ ನಗೆಪಾಟಲಾಗಿದ್ದ ಕಾಲ ಅದು. ಅವರ ಕಣ್ಣಿಗೆ ವಿಲ್ಮಾರ ಕ್ಯಾಮೆರಾ ಅದಕ್ಕಿಂತ ಒಂದೇ ಮೆಟ್ಟಿಲು ಮೇಲೆ.

"ಮುದ್ದಾಗಿದೆ," ಎಂದರು ಮೊದಲ ದಿನ. "ಇದಕ್ಕೆ ಲೆನ್ಸ್ ಎಲ್ಲಿ ಹಾಕ್ತಾರೆ?"

"ಹಾಕಲ್ಲ ಅಧ್ಯಕ್ಷರೇ. ಅದೇ ಹೊರಗೆ ಬರುತ್ತೆ, ಬಸವನಹುಳು ಹಾಗೆ."

ಸ್ಟಬಲ್‌ಫೀಲ್ಡ್ ಕೆಟ್ಟವರಲ್ಲ. ಅವರ ಚಿತ್ರಗಳೂ ಕೆಟ್ಟವಲ್ಲ. ಕಿಟಕಿಯೊಳಗಿನ ಗುಮಾಸ್ತನ ಟೈ ಕೂಡ ಕಾಣುವಷ್ಟು ಚೂಪು. ಆದರೆ ಅವರು ವಿಲ್ಮಾರ ಚಿತ್ರಗಳನ್ನು ಯಾವಾಗಲೂ ತೋಳುದ್ದ ದೂರ ಹಿಡಿದು ನೋಡುತ್ತಿದ್ದರು. ಆ ತೋಳುದ್ದವನ್ನು ದಾಟಬೇಕೆಂಬ ಆಸೆ ವಿಲ್ಮಾರಿಗೆ ಎಷ್ಟಿತ್ತೆಂಬುದು ಯಾರಿಗೂ ತಿಳಿದಿರಲಿಲ್ಲ. ಆಕೆಗೂ ತಿಳಿದಿರಲಿಲ್ಲವೆಂದೇ ನನಗನ್ನಿಸುತ್ತದೆ.

ಇನ್ನು ಕಾರ್ನೀಲಿಯಸ್ ಬೀಲ್. ಜೀವಮಾನವೆಲ್ಲ ಅಂಚೆ ಹಂಚಿ ನಿವೃತ್ತರಾದವರು. ವಸಂತದಲ್ಲೂ ಶರತ್ಕಾಲದಲ್ಲೂ ವಲಸೆ ಹಕ್ಕಿಗಳು ರಾತ್ರಿಯಿಡೀ ಸರೋವರದ ಅಂಚು ಹಿಡಿದು ಹಾರುತ್ತವೆ. ಊರಿನ ದೀಪ ಅವನ್ನು ಎಳೆಯುತ್ತದೆ, ಗಾಜು ಕೊಲ್ಲುತ್ತದೆ. ಆ ತಿಂಗಳುಗಳಲ್ಲಿ ಬೀಲ್ ನಸುಕಿಗೇ ಎದ್ದು, ದಿನಸಿ ಅಂಗಡಿಯ ಕಾಗದದ ಚೀಲಗಳನ್ನು ಕಂಕುಳಲ್ಲಿ ಇಟ್ಟುಕೊಂಡು, ಕಟ್ಟಡಗಳ ಬುಡ ಸುತ್ತುವರು. ಜೀವವಿದ್ದದ್ದನ್ನು ಚೀಲದೊಳಗೆ ಬಿಟ್ಟು ಬಾಯಿ ಮಡಿಸುವರು. ಕತ್ತಲಲ್ಲಿ ಅವು ಸುಧಾರಿಸಿಕೊಳ್ಳುತ್ತವೆ. ಸತ್ತದ್ದು ಇನ್ನೊಂದು ಚೀಲಕ್ಕೆ, ಅಲ್ಲಿಂದ ಅಧ್ಯಯನಕ್ಕೆಂದು ಮ್ಯೂಸಿಯಂಗೆ. ಹಾಲ್‌ಬರ್ಗ್‌ನ ಬಾಗಿಲು ತೆಗೆಯುವ ಹೊತ್ತಿಗೆ ಅವರು ಅಲ್ಲಿಗೆ ಬಂದಿರುತ್ತಿದ್ದರು. ವಿಲ್ಮಾ ಫ್ಲಾಸ್ಕಿನ ಕಾಫಿ ಕೊಡುವರು. ವರ್ಷಗಳ ಸ್ನೇಹ ಅದು. ಬೀಲ್ ಹೇಳಿಹೇಳಿಯೇ ವಿಲ್ಮಾ ಮ್ಯಾನೇಜರನ್ನು ಒಪ್ಪಿಸಿ, ವಲಸೆಯ ತಿಂಗಳುಗಳಲ್ಲಿ ಕಿರೀಟದ ದೀಪವನ್ನೇ ಹಚ್ಚದಂತೆ ಟೈಮರ್ ಕಟ್ಟಿದ್ದರು. ಅದೂ ಆಕೆಗೆ ಜಂಬದ ವಿಷಯವೇ. "ನಮ್ಮ ಹುಡುಗಿ ಮೇ ತಿಂಗಳಲ್ಲಿ ವ್ರತ ಹಿಡೀತಾಳೆ," ಎನ್ನುವರು.

ಆ ವರ್ಷ ಸಂಘದ ಸ್ಪರ್ಧೆಯ ವಿಷಯ 'ದೀಪ ಹಚ್ಚಿದ ನಗರ'. ಮೇ ತಿಂಗಳಲ್ಲೇ ತೆಗೆದ ಚಿತ್ರ ಆಗಬೇಕು, ಕೊನೆಯ ದಿನದ ಸಂಜೆಯೊಳಗೆ ಅಧ್ಯಕ್ಷರ ಕೈಸೇರಬೇಕು. ವಿಲ್ಮಾರ ಬಳಿ ಮೇ ತಿಂಗಳ ಚಿತ್ರಗಳು ಇದ್ದವು. ಎಲ್ಲದರಲ್ಲೂ ನಡುವೆ ಒಂದು ಕತ್ತಲ ತೂತು.

ಕೊನೆಯ ದಿನ ಬೆಳಿಗ್ಗೆ ಬೀಲ್ ಕಾಫಿ ಕುಡಿಯುತ್ತ ಆಕಾಶ ನೋಡಿದರು. "ದಕ್ಷಿಣದ ಗಾಳಿ, ಸಂಜೆಗೆ ಮೋಡ ಕೆಳಗಿಳಿಯುತ್ತೆ. ಇವತ್ತು ರಾತ್ರಿ ಅವು ಮೂಗಿನ ಮಟ್ಟಕ್ಕೆ ಹಾರ್ತವೆ ನೋಡು. ಊರಲ್ಲಿ ಯಾರು ಏನು ಹಚ್ತಾರೋ ದೇವರಿಗೇ ಗೊತ್ತು. ನಿನ್ನ ಕಿರೀಟದ ಚಿಂತೆ ನನಗಿಲ್ಲ, ಮಹಾರಾಣಿ."

"ನನ್ನದು ಇರಲಿ, ನಿನ್ನ ಚೀಲ ತೂತಾಗಿದೆ, ನೋಡ್ಕೋ," ಎಂದರು ಮಹಾರಾಣಿ.

ಮಧ್ಯಾಹ್ನದ ಹೊತ್ತಿಗೆ ಮೋಡ ಹೇಳಿದ ಹಾಗೆ ಇಳಿಯಿತು. ವಿಲ್ಮಾ ಪಾಳಿ ಮುಗಿಸಿ ಕೋಟು ಹಾಕಿಕೊಂಡು ಆಕಾಶ ನೋಡಿದರು. ಕೆಳಗಿಳಿದ ಮೋಡಕ್ಕೆ ಕೆಳಗಿನಿಂದ ಬೆಳಕು ಬಿದ್ದರೆ ಹೇಗೆ ಕಾಣುತ್ತದೆಂದು ಚಿತ್ರ ತೆಗೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಕೆ ಕೋಟು ಹಾಕಿಕೊಂಡೇ ಮೇಲಿನ ಮಹಡಿಗೆ ವಾಪಸು ಹೋದರು. ಅಲ್ಲಿಯ ದೀಪದ ಪೆಟ್ಟಿಗೆಯಲ್ಲಿ ಒಂದು ತಿರುಗುವ ಸ್ವಿಚ್ಚು, ಮೂರು ಜಾಗ: ಒಂದು ಬಂದ್, ಒಂದು ಟೈಮರ್ ಹೇಳಿದಂತೆ, ಇನ್ನೊಂದು ಟೈಮರ್ ಏನೇ ಹೇಳಲಿ, ಕೈಯಿಂದ ತಿರುಗಿಸಿದವರ ಇಷ್ಟದಂತೆ. ಆ ಮೂರನೆಯದಕ್ಕೆ ಇಟ್ಟರೆ ಮತ್ತೆ ಕೈಯೇ ಬಂದು ತೆಗೆಯುವ ತನಕ ದೀಪ ಉರಿಯುತ್ತದೆ. ಈ ಕಸುಬಿನವರು ಹೊಸಬರಿಗೆ ಮೊದಲ ದಿನ ಹೇಳಿಕೊಡುವ ಪಾಠವೇ ಅದು: ಮೂರನೆಯದಕ್ಕೆ ಇಟ್ಟು ಕೋಣೆ ಬಿಟ್ಟು ಹೋಗಬೇಡ.

ವಿಲ್ಮಾ ಮೂರನೆಯದಕ್ಕೆ ತಿರುಗಿಸಿ, ಬಾಗಿಲು ಹಾಕಿಕೊಂಡು ಇಳಿದರು. ಹಗಲಿನಲ್ಲಿ ಹತ್ತಿದ ದೀಪ ಯಾರಿಗೂ ಕಾಣುವುದಿಲ್ಲ. ಸಂಜೆಯ ಪಾಳಿಯ ಒರ್ಲಾಂಡೊ ನೆಲಮಾಳಿಗೆಯಲ್ಲಿ ಬಾಯ್ಲರಿನ ಮುಂದೆ ಇರುತ್ತಾನೆ; ಕಟ್ಟಡದ ಒಳಗಿದ್ದವರಿಗೆ ಕಟ್ಟಡದ ತಲೆ ಕಾಣದು. ಎರಡು ಬೀದಿ ಆಚೆಯ ಪಾರ್ಕಿಂಗ್ ಕಟ್ಟಡದ ತಾರಸಿಯಿಂದ ಚಿತ್ರ ತೆಗೆಯುವುದು, ನಡೆದು ಬಂದು ಆರಿಸಿ ಮನೆಗೆ ಹೋಗುವುದು. ಇದು ಲೆಕ್ಕ.

ಆ ತಾರಸಿಯಲ್ಲಿ ನಮ್ಮ ಸಂಘವೇ ನೆರೆದಿತ್ತು, ಕೊನೆಯ ದಿನವಲ್ಲವೇ. ಫಿರಂಗಿಗಳೆಲ್ಲ ಹೂಡಿದ್ದವು. ಮೋಡದ ದೆಸೆಯಿಂದ ಆಕಾಶ ನೀಲಿಯಾಗಲೇ ಇಲ್ಲ. ಬೂದಿಯಿಂದ ನೇರ ಕಪ್ಪಿಗೆ ಹೊರಟಿತು. ಸ್ಟಬಲ್‌ಫೀಲ್ಡ್ ಗೊಣಗಿ ಟ್ರೈಪಾಡ್ ಮಡಿಸತೊಡಗಿದರು. ವಿಲ್ಮಾ ಮಾತ್ರ ಮೋಟುಗೋಡೆಯ ಮೇಲೆ ಕಾಲುಚೀಲ ಇಟ್ಟು ಕಾದರು. ಕಪ್ಪು ಗಟ್ಟಿಯಾದಂತೆ ಹಾಲ್‌ಬರ್ಗ್‌ನ ಕಿರೀಟದಿಂದ ಹಸಿರುಮಿಶ್ರಿತ ಬೆಳಕು ಮೋಡದೊಳಕ್ಕೆ ಏರಿ, ಇಡೀ ಬೀದಿಯ ಮೇಲೆ ಒಂದು ಕೊಡೆಯ ಹಾಗೆ ಬಿಚ್ಚಿಕೊಂಡಿತು. ಬೆಳಕಿನಲ್ಲಿ ಏನೋ ಸಣ್ಣಗೆ ಮಿನುಗುತ್ತಿತ್ತು.

"ತುಂತುರು ಶುರುವಾಯ್ತು," ಎಂದು ಯಾರೋ ಹೇಳಿದರು. ಕೈ ಚಾಚಿದೆ, ಒದ್ದೆಯಾಗಲಿಲ್ಲ. ಯೋಚಿಸಲೂ ಇಲ್ಲ.

ಕಟ್ ಎಂದಿತು. ವಿಲ್ಮಾ ಕ್ಯಾಮೆರಾವನ್ನು ಸ್ಟಬಲ್‌ಫೀಲ್ಡ್ ಕೈಗೆ ಕೊಟ್ಟರು. ಅವರು ಅಭ್ಯಾಸದಂತೆ ತೋಳುದ್ದ ಹಿಡಿದರು. ಆಮೇಲೆ ಹತ್ತಿರ ತಂದರು. ಆಮೇಲೆ ಕನ್ನಡಕ ಹಣೆಗೇರಿಸಿ ಮೂಗಿಗೆ ತಾಗುವಷ್ಟು ಹತ್ತಿರ ತಂದರು.

"ಇದು ಈ ಡಬ್ಬೀಲಿ ಬಂತಾ?" ಎಂದರು ಮೆಲ್ಲಗೆ. ಆಮೇಲೆ ಎಲ್ಲರ ಕಡೆ ತಿರುಗಿ, "ಹೋಟೆಲಿಗೆ ಹೋಗಿ ಪೈ ತಿನ್ನೋಣ ಬನ್ನಿ. ವಿಲ್ಮಾ ಅವರದ್ದು ನನ್ನ ಲೆಕ್ಕ."

ಅಧ್ಯಕ್ಷರ ಜೇಬಿನಿಂದ ಯಾರಿಗೂ ಪೈ ಬಂದ ದಾಖಲೆ ಸಂಘದಲ್ಲಿ ಇರಲಿಲ್ಲ. ಅವರ ವ್ಯಾನಿನ ಮುಂದಿನ ಸೀಟು ವಿಲ್ಮಾರಿಗೆ. ವ್ಯಾನು ಹಾಲ್‌ಬರ್ಗ್‌ಗೆ ಬೆನ್ನು ಹಾಕಿ ದಕ್ಷಿಣಕ್ಕೆ ಹೋಯಿತು. ಆಕೆ ಚೆರಿ ಹಣ್ಣು ತುಂಬಿ ಬೇಯಿಸಿದ ಪೈ ತಿಂದರು, ಬಟಾಣಿಯ ಗುಟ್ಟು ಹೇಳಿದರು, ಒಣ ಬೀನ್ಸ್ ಯಾಕೆ ಆಗದೆಂದು ವಾದಿಸಿದರು, ಚಿತ್ರವಿದ್ದ ಮೆಮರಿ ಕಾರ್ಡು ಕ್ಯಾಮೆರಾದಿಂದ ತೆಗೆದು ಅಧ್ಯಕ್ಷರ ಕೈಗಿತ್ತರು. ಅಷ್ಟು ನಕ್ಕದ್ದನ್ನು ನಾನು ನೋಡಿರಲಿಲ್ಲ. ಸ್ಟಬಲ್‌ಫೀಲ್ಡ್ ಆಕೆಯನ್ನು ಬರ್ವಿನ್ ತನಕ ಬಿಟ್ಟುಬಂದರು. ಕೂತಿದ್ದ ಟೇಬಲ್ಲಿನಿಂದ ಮನೆಯ ಬಾಗಿಲಿನ ತನಕ ಆಕೆಗೆ ಸ್ವಿಚ್ಚಿನ ನೆನಪು ಒಮ್ಮೆಯೂ ಬರಲಿಲ್ಲ. "ಮರೆತೆ ಅಂದ್ರೆ ಸಾಲದು ಮೇಷ್ಟ್ರೇ," ಎಂದು ಆಮೇಲೆ ನನಗೆ ಹೇಳಿದರು. "ಹೊಗಳಿಕೆ ಕೇಳ್ತಾ ಕೂತಿದ್ದೆ. ಅದರಲ್ಲಿ ಬೇರೆ ಯಾವುದಕ್ಕೂ ಜಾಗ ಇರಲಿಲ್ಲ."

ಬೆಳಿಗ್ಗೆ ರೈಲು ಇಳಿದು ಮೂಲೆ ತಿರುಗಿದಾಗ, ಬೂದಿ ಬಣ್ಣದ ಮಂಜಿನಲ್ಲಿ ಕಿರೀಟ ಇನ್ನೂ ಉರಿಯುತ್ತಿತ್ತು.

ಬೀಲ್ ಹಾಲ್‌ಬರ್ಗ್‌ನ ಬಾಗಿಲ ಮುಂದೆ ಮೊಣಕಾಲೂರಿದ್ದರು. ಕಾಲುದಾರಿಯ ಉದ್ದಕ್ಕೂ ಹಳದಿ, ಕಂದು, ಬೂದು. ಮುಷ್ಟಿಯಲ್ಲಿ ಹಿಡಿದರೆ ಮುಷ್ಟಿ ತುಂಬದಂಥ ಹಕ್ಕಿಗಳು. ತಂದ ಚೀಲ ಮುಗಿದು ಅವರು ಕೋಟು ಬಿಚ್ಚಿ ಹಾಸಿಕೊಂಡಿದ್ದರು.

"ಕಾರ್ನೀಲಿಯಸ್," ಎಂದರು ವಿಲ್ಮಾ.

"ಮಾತಾಡಬೇಡ. ಇದನ್ನ ಹಿಡ್ಕೋ. ಇನ್ನೂ ಬೆಚ್ಚಗಿದೆ." ಅಂಗೈಗೆ ಒಂದನ್ನು ಇಟ್ಟರು. "ಆ ಒರ್ಲಾಂಡೊ ಹುಡುಗ. ಅವನಿಗೆ ತಲೆ ಇದೆಯಾ, ಅಥವಾ ಟೋಪಿ ನಿಲ್ಲೋಕೆ ಅಂತ ಇಟ್ಕೊಂಡಿದಾನಾ? ನಿನ್ನ ಮ್ಯಾನೇಜರ್ ಹತ್ರ ನಾನೇ ಮಾತಾಡ್ತೀನಿ."

ವಿಲ್ಮಾ ಬಾಯಿ ತೆರೆದರು. ಅಂಗೈಯೊಳಗಿನದು ಒಮ್ಮೆ ರೆಕ್ಕೆ ಒದರಿ ಸುಮ್ಮನಾಯಿತು. ತೆರೆದ ಬಾಯಿ ಮುಚ್ಚಿತು. ಮೊದಲ ಸಲ ಮುಚ್ಚಿದ ಬಾಯಿಯನ್ನು ಎರಡನೆಯ ಸಲ ತೆರೆಯುವುದು ಎಷ್ಟು ಕಷ್ಟವೆಂಬುದನ್ನು ಆಕೆ ಮುಂದಿನ ವಾರಗಳಲ್ಲಿ ಕಂಡುಕೊಂಡರು. ಮೇಲೆ ಹೋಗಿ ಸ್ವಿಚ್ಚನ್ನು ಅದರ ಜಾಗಕ್ಕೆ ತಿರುಗಿಸಿದರು. ಅಷ್ಟಕ್ಕೇ ಸಾಕ್ಷಿಯೂ ಅಳಿಯಿತು.

ಬೀಲ್ ಹೇಳಿದಂತೆ ಮಾಡಿದರು. ಮ್ಯಾನೇಜರ್ ಒರ್ಲಾಂಡೊನನ್ನು ಕರೆಸಿದರು. ಅವನು ಮುಟ್ಟಿಲ್ಲವೆಂದ. ಮುಟ್ಟದಿದ್ದರೆ ದೀಪ ತಾನೇ ಹತ್ತಿತೇ ಎಂದರು. ಇನ್ನೊಂದು ತಪ್ಪಾದರೆ ಕೆಲಸವಿಲ್ಲ ಎಂದರು. ಅವನ ಮನೆಯಲ್ಲಿ ಹೊಸ ಕೂಸು. ಇದೆಲ್ಲವನ್ನೂ ಅವನು ವಿಲ್ಮಾರ ಮುಂದೆಯೇ ತೋಡಿಕೊಂಡ: "ನಿಮಗೆ ನಾನು ಗೊತ್ತಲ್ವಾ ಅಮ್ಮಾ, ನಾನು ಆ ಪೆಟ್ಟಿಗೆ ಹತ್ರಾನೂ ಹೋಗಲ್ಲ ಅಂತ ಅವರಿಗೆ ಹೇಳಿ."

"ಹೇಳ್ತೀನಿ," ಎಂದರು ವಿಲ್ಮಾ. ಹೇಳಲಿಲ್ಲ.

ಅಪರಾಧಪ್ರಜ್ಞೆ ಆಕೆಯಿಂದ ಅಡುಗೆಯಾಗಿ ಹೊರಬರತೊಡಗಿತು. ಬೀಲ್‌ಗೆ ದಿನವೂ ಕೋಲಾಚಿ ಎಂಬ ಸಿಹಿ ಬನ್ನು: ಒಂದು ದಿನ ಗಸಗಸೆಯದು, ಒಂದು ದಿನ ಜರ್ದಾಳು ಹಣ್ಣಿನದು. ಒರ್ಲಾಂಡೊನ ಮನೆಗೆ ಪಾತ್ರೆಗಟ್ಟಲೆ ಹಂದಿಮಾಂಸ, ಹಿಟ್ಟಿನ ಕಡುಬು. ಎಮಿಲ್ ಮಾತ್ರ ಉಳಿದದ್ದನ್ನು ತಿಂದುಕೊಂಡಿದ್ದ.

"ಏನು ಸಮಾಚಾರ ಸೆಡ್ಲಾಕ್?" ಎಂದರು ಬೀಲ್, ಬೆಲ್ಟಿನ ತೂತು ಬದಲಿಸುತ್ತ. "ಎಮಿಲ್‌ನ ಬಿಟ್ಟು ನನ್ನ ಕಟ್ಕೊಳ್ಳೋ ಯೋಚನೆಯಾ?"

"ನೀನು ಸೊರಗಿದೀಯ."

"ನಾನಾ? ನಿನ್ನೆ ನನ್ನ ಮೊಮ್ಮಗಳು ನನ್ನ ಹೊಟ್ಟೆ ಮೇಲೆ ತಟ್ಟೆ ಇಟ್ಟು ಊಟ ಮಾಡಿದಳು."

ಇತ್ತ ಚಿತ್ರಕ್ಕೆ ಮೊದಲ ಬಹುಮಾನ ಬಂತು, ಸಂಘದ ಪ್ರದರ್ಶನದಲ್ಲಿ ಅದನ್ನು ಗೋಡೆಗೆ ಹಾಕುವುದೆಂದಾಯಿತು. ವಿಲ್ಮಾ ನನ್ನನ್ನು ಕರೆದುಕೊಂಡು ಸ್ಟಬಲ್‌ಫೀಲ್ಡ್ ಮನೆಗೆ ಹೋಗಿ, ಚಿತ್ರ ವಾಪಸು ಬೇಕೆಂದರು.

"ನೋಡಿ, ಇದೇ ನಿಜವಾದ ಕಲಾವಿದರ ಲಕ್ಷಣ," ಎಂದು ಅಧ್ಯಕ್ಷರು ನನ್ನ ಕಡೆ ತಿರುಗಿದರು. "ವಿನಯ. ನಾನೂ ಹಾಗೇ ಇದ್ದೆ, ಮೊದಮೊದಲು."

"ವಿನಯ ಅಲ್ಲ. ಬೇಡ ಅಂದೆ."

"ಬೇಡ ಅನ್ನೋದೇ ವಿನಯ." ಅವರು ದೊಡ್ಡದಾಗಿ ಅಚ್ಚು ಹಾಕಿಸಿದ ಚಿತ್ರವನ್ನು ಗೋಡೆಗೊರಗಿಸಿದರು. "ಒಂದೇ ಕುಂದು. ಸಣ್ಣ ಕ್ಯಾಮೆರಾ, ಏನು ಮಾಡೋದು. ಕಿರೀಟದ ಸುತ್ತ ನೋಡಿ, ಬಿಳೀ ಗೀರುಗಳು. ಧೂಳೋ ಏನೋ. ನನ್ನ ಕಂಪ್ಯೂಟರಲ್ಲಿ ಕೂತು ಒಂದೊಂದೇ ಒರೆಸಿಬಿಡ್ತೀನಿ."

ವಿಲ್ಮಾ ಹತ್ತಿರ ಹೋದರು. ಕ್ಯಾಮೆರಾದ ಪರದೆಯಲ್ಲಿ ಕಾಣದ್ದು ಆ ಅಳತೆಯಲ್ಲಿ ಕಂಡಿತು. ಬೆಳಕಿನ ಕೊಡೆಯ ಒಳಗೆಲ್ಲ ಸಣ್ಣ ಸಣ್ಣ ಬಾಗಿದ ಎಳೆಗಳು, ಒಂದರ ಹಿಂದೆ ಒಂದು ಕಿರೀಟವನ್ನು ಸುತ್ತುತ್ತಿದ್ದವು. ಬೆಳಕನ್ನು ನಿಧಾನವಾಗಿ ಕುಡಿಯಲು ಬಿಟ್ಟ ಕ್ಯಾಮೆರಾ, ಸುತ್ತಿದ ಪ್ರತಿಯೊಂದು ಹಕ್ಕಿಯನ್ನೂ ಕುಡಿದಿತ್ತು. ತುಂತುರಾಗಿದ್ದರೆ ನೆಟ್ಟಗೆ ಬೀಳುತ್ತಿತ್ತು.

"ಅದನ್ನ ಮುಟ್ಟಿದರೆ ನಿಮ್ಮ ಕೈ ಮುರೀತೀನಿ ಅಧ್ಯಕ್ಷರೇ," ಎಂದರು.

"ಕಲಾವಿದರು," ಎಂದರು ಸ್ಟಬಲ್‌ಫೀಲ್ಡ್ ನನಗೆ.

ದಾರಿಯಲ್ಲಿ ವಿಲ್ಮಾ ನನಗೆ ಎಲ್ಲವನ್ನೂ ಹೇಳಿದರು. ಮ್ಯಾನೇಜರಿಗೆ ಹೇಳಿಬಿಡಿ ಎಂದೆ. ಬೇಡವೆಂದು ತಲೆಯಾಡಿಸಿದರು. "ಮ್ಯಾನೇಜರ್ ದೊಡ್ಡದಲ್ಲ. ಕೂಗಾಡ್ತಾನೆ, ಬೀಗದ ಕೈ ಕಿತ್ಕೋತಾನೆ. ಕಾರ್ನೀಲಿಯಸ್ ಕೂಗಾಡಲ್ಲ. ಅದೇ ಕಷ್ಟ. ಅವನನ್ನ ಪ್ರದರ್ಶನಕ್ಕೆ ಕರೀತೀನಿ. ನೋಡಿದರೆ ಅವನಿಗೇ ಗೊತ್ತಾಗುತ್ತೆ. ನನ್ನ ಬಾಯಲ್ಲಿ ಬರದಿದ್ದನ್ನ ಗೋಡೆ ಹೇಳಲಿ."

"ಅದು ಹೇಡಿತನ ಅಲ್ವಾ?"

"ಹೌದು."

ಜೂನ್ ತಿಂಗಳಲ್ಲಿ, ಪ್ರದರ್ಶನದ ಸಂಜೆ, ಬೀಲ್ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಭವನಕ್ಕೆ ಬಂದರು. ಕೈಯಲ್ಲಿ ಕಾಗದದ ತಟ್ಟೆ, ತಟ್ಟೆಯಲ್ಲಿ ವಿಲ್ಮಾ ಮಾಡಿ ತಂದ ಕೋಲಾಚಿ. ಗೋಡೆಯ ಮೇಲಿನ ಚಿತ್ರದ ಮುಂದೆ ನಿಂತರು. ಅಗಿಯುವುದು ನಿಂತಿತು. ಸ್ಟಬಲ್‌ಫೀಲ್ಡ್ ಪಕ್ಕಕ್ಕೆ ಬಂದು, "ಆ ಗೀರುಗಳನ್ನ ಮನಸ್ಸಿಗೆ ಹಚ್ಕೋಬೇಡಿ, ಕ್ಯಾಮೆರಾದ ದೋಷ" ಎಂದರು.

"ಇದು ದೋಷ ಅಲ್ಲ," ಎಂದರು ಬೀಲ್. ಚಿತ್ರದ ಕೆಳಗಿನ ಚೀಟಿಯಲ್ಲಿದ್ದ ತಾರೀಕು ಓದಿದರು. ಆಮೇಲೆ ತಿರುಗಿ ಕೋಣೆಯಲ್ಲಿ ವಿಲ್ಮಾರನ್ನು ಹುಡುಕಿದರು. ಆಕೆ ಕಾಫಿ ಪಾತ್ರೆಯ ಹಿಂದೆ ನಿಂತಿದ್ದರು. ಗೋಡೆ ಹೇಳಿದ್ದು ಸಾಲದೆಂದು ಆಗ ಗೊತ್ತಾಗಿರಬೇಕು. ಎದುರಿಗೆ ಬಂದರು.

"ಒರ್ಲಾಂಡೊ ಅಲ್ಲ. ನಾನು. ಚಿತ್ರಕ್ಕೋಸ್ಕರ ಹಚ್ಚಿದೆ. ಆಮೇಲೆ ಪೈ ತಿನ್ನೋಕೆ ಹೋದೆ."

ಬೀಲ್ ತಟ್ಟೆಯನ್ನು ಮೇಜಿನ ಮೇಲೆ ಇಟ್ಟರು. "ಆ ಹುಡುಗನಿಗೆ ಹೇಳಿದೀಯಾ?"

"ಇಲ್ಲ."

"ಮ್ಯಾನೇಜರ್‌ಗೆ?"

"ಇಲ್ಲ."

"ಮತ್ತೆ ನನಗೆ ಯಾಕೆ ಹೇಳ್ತಿದೀಯ? ನನ್ನ ಕೆಲಸಕ್ಕೇನೂ ಕುತ್ತು ಬಂದಿಲ್ಲ." ಟೋಪಿ ಹುಡುಕಿಕೊಂಡರು. ಬಾಗಿಲಿನ ಹತ್ತಿರ ನಿಂತು, "ಇಷ್ಟು ದಿನ ನೀನು ಅದನ್ನ ನನಗೆ ತಿನ್ನಿಸ್ತಿದ್ದೆ," ಎಂದರು. ಹೋದರು.

ಮರುದಿನ ವಿಲ್ಮಾ ಕೋಟು ಬಿಚ್ಚುವ ಮೊದಲೇ ಮ್ಯಾನೇಜರ ಕೋಣೆಗೆ ಹೋದರು. ಅಂದುಕೊಂಡ ಹಾಗೆಯೇ ಅವರು ಕೂಗಾಡಿ, ಮೇಲಿನ ಮಹಡಿಯ ಬೀಗದ ಕೈ ಕಿತ್ತುಕೊಂಡು ಒರ್ಲಾಂಡೊಗೆ ಕೊಟ್ಟರು. ವಿಲ್ಮಾರಿಗೆ ಪಂಪು, ಬಾಯ್ಲರು ಉಳಿದವು. ಒರ್ಲಾಂಡೊ ತೊಳೆದ ಪಾತ್ರೆಗಳನ್ನು ತಂದು ಮೇಜಿನ ಮೇಲೆ ಜೋಡಿಸಿಟ್ಟ. "ಊಟ ಚೆನ್ನಾಗಿತ್ತು," ಎಂದ. ಅಮ್ಮಾ ಎನ್ನಲಿಲ್ಲ. ಆಮೇಲೆಯೂ ಎಂದಿಲ್ಲ.

ಬೀಲ್ ಬೇಸಿಗೆಯಿಡೀ ಆ ಬೀದಿಗೆ ಬರಲಿಲ್ಲ. ಬೇಸಿಗೆಯಲ್ಲಿ ಅವರಿಗೆ ಅಲ್ಲಿ ಕೆಲಸವೂ ಇರುವುದಿಲ್ಲ. ಆದರೂ ಹಿಂದೆಲ್ಲ ಕಾಫಿಗೆಂದು ಬರುತ್ತಿದ್ದರು. ವಿಲ್ಮಾ ಫ್ಲಾಸ್ಕು ತರುವುದನ್ನು ಬಿಡಲಿಲ್ಲ. ಸೆಪ್ಟೆಂಬರಿನಲ್ಲಿ ಹಕ್ಕಿಗಳು ತಿರುಗಿ ದಕ್ಷಿಣಕ್ಕೆ ಹೊರಟಾಗ, ಒಂದು ನಸುಕಿನಲ್ಲಿ ಯಾರೋ ಗಾಜು ತಟ್ಟಿದರು. ಬೀಲ್ ಒಳಗೆ ಬರಲಿಲ್ಲ. ಬಾಗಿಲಿನ ಸಂದಿಯಿಂದ ಒಂದು ಕಟ್ಟು ಕಾಗದದ ಚೀಲ ಒಳಗೆ ತಳ್ಳಿದರು.

"ಈ ಬೀದಿಯ ಎರಡೂ ಬದಿ ನಿನ್ನದು. ಜೀವ ಇದ್ದರೆ ಬಾಯಿ ಮಡಿಸು, ಹಿಂಡಬೇಡ."

"ಕಾಫಿ?"

"ಸುತ್ತು ಮುಗಿಸು ಮೊದಲು."

ಈಗ ವಿಲ್ಮಾ ವಲಸೆಯ ತಿಂಗಳುಗಳಲ್ಲಿ ಮುಂಚಿನ ರೈಲು ಹಿಡಿಯುತ್ತಾರೆ. ಬೀಲ್ ಕ್ಷಮಿಸಿದ್ದಾರೆಯೇ ಎಂದು ನಾನು ಕೇಳಿಲ್ಲ. ಅವರಿಬ್ಬರೂ ಆ ಶಬ್ದ ಬಳಸಿದ್ದನ್ನು ಕೇಳಿಯೂ ಇಲ್ಲ. ವಿಲ್ಮಾ ತಮ್ಮನ್ನು ಕ್ಷಮಿಸಿಕೊಂಡಿಲ್ಲವೆಂಬುದು ಮಾತ್ರ ನನಗೆ ಗೊತ್ತು. ಬಗ್ಗಿ ಒಂದನ್ನು ಎತ್ತಿಕೊಂಡಾಗಲೆಲ್ಲ ಆಕೆ ಮೊದಲು ತಲೆಯೆತ್ತಿ ಕಿರೀಟ ನೋಡುತ್ತಾರೆ. ಕತ್ತಲಾಗಿಯೇ ಇರುತ್ತದೆ. ಆದರೂ ನೋಡುತ್ತಾರೆ.

ಸಂಘಕ್ಕೂ ಬರುತ್ತಾರೆ. ಹೊಸಬರಿಗೆ ಬಟಾಣಿ ಚೀಲ ಹೊಲಿಯುವುದನ್ನು ಕಲಿಸುತ್ತಾರೆ. ಕಳೆದ ಚಳಿಗಾಲದ ಸಭೆಯಲ್ಲಿ, ಆ ಗೀರುಗಳೇನೆಂದು ಕಡೆಗೂ ಪೂರ್ತಿ ತಿಳಿದುಕೊಂಡ ಸ್ಟಬಲ್‌ಫೀಲ್ಡ್ ಬಹಳ ಹೊತ್ತು ಯೋಚಿಸಿ, ಆಕೆಯ ಪರವಾಗಿ ಏನಾದರೂ ಹೇಳಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಗಂಟಲು ಸರಿಮಾಡಿಕೊಂಡರು.

"ಒಂದು ಮಾತು, ವಿಲ್ಮಾ ಅವರೇ. ತಪ್ಪೆಲ್ಲ ನಿಮ್ಮ ಮೇಲೇ ಯಾಕೆ ಹಾಕ್ಕೋತೀರಿ? ನಾನು ಕೇಳೋದಿಷ್ಟೇ. ಆ ಹಕ್ಕಿಗಳಿಗೆ ರಾತ್ರಿ ಹೊತ್ತು ಹಾರೋ ದರ್ದಾದರೂ ಏನಿತ್ತು? ಎಲ್ಲರ ಹಾಗೆ ಹಗಲು ಹೋಗಬಾರದಾ?"

ವಿಲ್ಮಾ ಕಾಲುಚೀಲದ ಬಾಯಿ ಹೊಲಿಯುತ್ತಿದ್ದರು. ದಾರ ಹಲ್ಲಿನಿಂದ ಕಡಿದರು.

"ಅವು ತಮ್ಮ ಕೆಲಸ ಸರಿಯಾಗೇ ಮಾಡ್ತಿದ್ವು ಅಧ್ಯಕ್ಷರೇ. ದೀಪ ಆರಿಸೋ ಕೆಲಸ ನಂದಿತ್ತು."